ಹಲ್ಲು ಕೀಳೋದಕ್ಕೆ ಮೂರು ವರ್ಷವೇ?

ಹೆಣ್ಣುಮಕ್ಕಳ ಓದು ಎಲ್ಲಿಗೆ ನಿಲ್ಲಬೇಕು ಅನ್ನೋದನ್ನು ಮನೆಯವರಿಗಿಂತ ನೆಂಟರೇ ಹೆಚ್ಚಾಗಿ ತೀರ್ಮಾನಿಸುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಗುವುದರಲ್ಲಿತ್ತು.

ನಮ್ಮ ಹಿರಿಮಗಳು 4 ವರ್ಷ ಬಿ.ಡಿ.ಎಸ್. ಓದಿ, 1 ವರ್ಷ ಇಂಟರ್ನ್‌ಶಿಪ್ ಮುಗಿಸಿದ್ದಳು. ಶಿವಮೊಗ್ಗದಿಂದ ಒಳ್ಳೆಯ ಸಂಬಂಧವೂ ಬಂದಿತ್ತು. ಅವಳೋ, ನೀಟ್ ಬರೆದು ಎಂ.ಡಿ.ಎಸ್. ಮಾಡುತ್ತೇನೆ, ಬಾಯಿ-ದವಡೆಯ ಶಸ್ತ್ರಚಿಕಿತ್ಸೆಯ ವಿಭಾಗವೇ ಬೇಕು ಎಂದು ಪಟ್ಟು ಹಿಡಿದಳು. “ಹಲ್ಲು ಕೀಳೋದಕ್ಕೆ ಇನ್ನೂ ಮೂರು ವರ್ಷ ಓದಬೇಕೇನೇ?” ಎಂದರು ನಮ್ಮತ್ತೆ. ಎಸ್ಸೆಸ್ಸೆಲ್ಸಿಗೇ ಓದು ಮುಗಿಸಿದ ನಾನು ಏನು ಹೇಳಲಿ? ಸಂಜೆ ಅವರೆಕಾಯಿ ಸುಲಿಯುತ್ತಾ ಅವಳನ್ನೇ ಕೇಳಿದೆ.

“ಅಮ್ಮಾ, ನೆಟ್ಟಗಿರೋ ಹಲ್ಲು ಕೀಳೋದನ್ನ ಬಿ.ಡಿ.ಎಸ್.ನಲ್ಲೇ ಕಲಿಸ್ತಾರೆ. ಆದರೆ ಬುದ್ಧಿಹಲ್ಲು ಎಷ್ಟೋ ಜನಕ್ಕೆ ಅಡ್ಡಡ್ಡ ಮಲಗಿರುತ್ತೆ, ಮೂಳೆಯೊಳಗೇ ಹೂತಿರುತ್ತೆ” ಎಂದಳು. ಅಂಥದ್ದು ಇಕ್ಕಳಕ್ಕೆ ಬರುವುದಿಲ್ಲವಂತೆ. ಒಸಡು ಬಿಡಿಸಿ, ಬೇಕಾದಷ್ಟೇ ಮೂಳೆ ಕೊರೆದು, ಹಲ್ಲನ್ನೇ ತುಂಡು ಮಾಡಿ ತೆಗೆದು, ಹೊಲಿಗೆ ಹಾಕಬೇಕಂತೆ. ಕೆಳದವಡೆಯ ಮೂಳೆಯೊಳಗೆ ಒಂದು ನರ ಹಾದುಹೋಗುತ್ತದೆ. ಕೆಲವರಲ್ಲಿ ಬುದ್ಧಿಹಲ್ಲಿನ ಬೇರು ಅದರ ಮಗ್ಗುಲಲ್ಲೇ ಇರುತ್ತದೆ. ಆ ನರಕ್ಕೆ ಪೆಟ್ಟಾದರೆ ಕೆಳತುಟಿ, ಗದ್ದ ಮರಗಟ್ಟುತ್ತದೆ.

ಇದನ್ನು ಕೇಳಿ ನಮ್ಮ ಬೀದಿಯ ಗೆಳತಿ ನೆನಪಾದಳು. ಹಲ್ಲು ಕೀಳಿಸಿಕೊಂಡ ಮೇಲೆ ಅವಳ ತುಟಿ ತಿಂಗಳುಗಟ್ಟಲೆ ಮರಗಟ್ಟಿತ್ತು. ಕಾಫಿ ಗದ್ದದ ಮೇಲೆ ಸೋರಿದರೂ ಗೊತ್ತಾಗದು. ನಾಲ್ಕು ಜನರ ಮಧ್ಯೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಳು, ಪಾಪ. ಮಗಳಿಗೆ ಹೇಳಿದೆ. “ನುರಿತವರ ಕೈಯಲ್ಲೂ ಹೀಗಾಗಬಹುದಮ್ಮ. ಆದರೆ ಎಕ್ಸ್‌ರೇ ನೋಡಿ ಅಪಾಯ ಮೊದಲೇ ಗುರುತಿಸೋದು, ಯಾವ ಹಲ್ಲನ್ನ ಮುಟ್ಟಬಾರದು ಅಂತ ತಿಳಿಯೋದು, ಅದಕ್ಕೇ ಈ ಓದು” ಎಂದಳು.

ಆ ರಾತ್ರಿಯೇ ನಮ್ಮ ಯಜಮಾನರಿಗೆ ಹೇಳಿಬಿಟ್ಟೆ, “ಅವಳು ಓದಲಿ” ಎಂದು. ಸಂಬಂಧ ತಪ್ಪಿತು. ಅತ್ತೆ ವಾರಗಟ್ಟಲೆ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಬೆಂಗಳೂರಿನಲ್ಲಿ 1958ರಲ್ಲಿ ಶುರುವಾದ ಸರ್ಕಾರಿ ದಂತ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತು. ಈಗ ಎರಡನೇ ವರ್ಷ. ಮೊದಲು ಹಿರಿಯರ ಪಕ್ಕದಲ್ಲಿ ನಿಂತು ನೋಡಬೇಕು, ಆಮೇಲೆ ಕೈಜೋಡಿಸಬೇಕು, ಕೊನೆಗೆ ಅವರ ಕಣ್ಣೆದುರಿಗೇ ತಾನು ಮಾಡಬೇಕು. ದವಡೆ ಮುರಿದವರು, ಸೀಳುತುಟಿಯ ಕೂಸುಗಳು, ಬಾಯಿ ಕ್ಯಾನ್ಸರಿನವರು, ಎಲ್ಲರೂ ಇವರ ವಿಭಾಗಕ್ಕೇ ಸೇರಿದವರು. ಬುದ್ಧಿಹಲ್ಲಿನಂಥ ಕೆಲಸಕ್ಕೆ ‘ಮೈನರ್’ ಸರ್ಜರಿ ಅನ್ನುತ್ತಾರಂತೆ. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆ ಅದು ಚಿಕ್ಕದಲ್ಲ, ಅಲ್ಲವೇ?

ಅವಳಿಂದ ಕಲಿತ ಒಂದೆರಡು ಮಾತು ನಿಮಗೂ ಇರಲಿ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹಲ್ಲು ತೆಗೆದ ದಿನ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ. ಮಾರನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು ಸಾಕು. ಮೂರು ದಿನವಾದ ಮೇಲೂ ನೋವು ಏರುತ್ತಿದ್ದರೆ ಲವಂಗ ಒತ್ತಿಕೊಂಡು ಕೂರದೆ ಡಾಕ್ಟರ ಹತ್ತಿರ ಹೋಗಿ.

ನಿಮ್ಮ ಮಗಳೂ ಇನ್ನೂ ಓದುತ್ತೇನೆ ಅಂದರೆ, ನೆಂಟರ ಮಾತಿಗೆ ಮೊದಲು ಅವಳನ್ನು ಕೂರಿಸಿಕೊಂಡು “ಏನು ಕಲೀತೀಯಮ್ಮ?” ಅಂತ ಒಮ್ಮೆ ಕೇಳಿ ನೋಡಿ.