ಎದೆಯ ಮೇಲಿನ ಹೆಸರು

ಅಂಗಿಯ ಮೇಲೆ ಅಕ್ಷರಗಳನ್ನು ಅಚ್ಚು ಮಾಡಿಸಿಕೊಂಡು ತಿರುಗುವುದು ಈ ಕಾಲದ ಒಂದು ಸಾಮಾನ್ಯ ಅಲಂಕಾರವಾಗಿದೆ. ಚಿತ್ತಾಪುರದ ಬಜಾರದಲ್ಲಿ ಅರ್ಧ ತಾಸು ನಿಂತು ನೋಡಿದರೆ, ಬರುವ ಹೋಗುವ ತರುಣರ ಎದೆಯ ಮೇಲೆ ನ್ಯೂಯಾರ್ಕ್ ಇದೆ, ಕ್ಯಾಲಿಫೋರ್ನಿಯಾ ಇದೆ, ಯಾವುದೋ ಬೂಟಿನ ಕಂಪನಿಯ ಹೆಸರಿದೆ. ಕಾಗಿಣಾ ಹೊಳೆಯಿಲ್ಲ, ನಾಗಾವಿಯಿಲ್ಲ, ತೊಗರಿಯ ಹೂವಿಲ್ಲ. ಇದರಲ್ಲಿ ತೊಟ್ಟವರ ತಪ್ಪೇನೂ ಇಲ್ಲ. ಅಂಗಡಿಯಲ್ಲಿ ಇದ್ದುದನ್ನು ಅವರು ಕೊಂಡಿದ್ದಾರೆ. ಆದರೆ ನಮಗೆ ಬೇಕಾದ ಬರಹವನ್ನೂ ಚಿತ್ರವನ್ನೂ ಮನೆಯಲ್ಲಿಯೇ, ಇಸ್ತ್ರಿಪೆಟ್ಟಿಗೆಯ ಸಹಾಯದಿಂದ ಅಂಗಿಗೆ ಇಳಿಸಿಕೊಳ್ಳುವ ಉಪಾಯವೊಂದು ಉಂಟು. ಆ ಉಪಾಯವನ್ನೂ, ಅದರಿಂದ ನಮ್ಮ ಮನೆಯಲ್ಲಿ ನಡೆದುದನ್ನೂ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ಮನೆಯ ಮಂದಿ ಈಗ ಊರೂರು ಹಂಚಿಹೋಗಿದ್ದಾರೆ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡತೊಡಗಿದ್ದು 1874ರಲ್ಲಿ. ವಾಡಿಯ ಜಂಕ್ಷನ್ನಿನಲ್ಲಿ ನಿಂತರೆ ಒಂದು ಗಾಡಿ ಚಿತ್ತಾಪುರ, ಸೇಡಂಗಳನ್ನು ದಾಟಿ ಹೈದರಾಬಾದಿನ ಕಡೆಗೆ ಹೋಗುತ್ತದೆ. ಇನ್ನೊಂದು ಶಹಾಬಾದ, ಕಲಬುರಗಿಗಳನ್ನು ದಾಟಿ ಸೊಲ್ಲಾಪುರ, ಪುಣೆಗಳ ಕಡೆಗೆ. ಹೊಟ್ಟೆಯ ಪಾಡಿಗಾಗಿ ಈ ಸೀಮೆಯವರು ಹತ್ತುವುದು ಈ ಎರಡು ಗಾಡಿಗಳನ್ನೇ. ನಮ್ಮ ಮನೆಯವರೂ ಅಂತೆಯೇ ಹತ್ತಿದರು. ವರುಷಕ್ಕೊಮ್ಮೆ ಎಳ್ಳಮಾವಾಸ್ಯೆಗೆ ಮಾತ್ರ ಎಲ್ಲರೂ ಊರಿಗೆ ಬಂದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ ಭಜ್ಜಿಪಲ್ಯಗಳನ್ನು ಉಂಡು ಬರುವುದು ಪದ್ಧತಿ.

ಹಾಗೆ ಕೂಡುವ ಮಕ್ಕಳು ಹತ್ತು ಮಂದಿ. ಎಲ್ಲರೂ ಮನೆಯಲ್ಲಿ ಕನ್ನಡವನ್ನು ಆಡುತ್ತಾರೆ. ಓದಬಲ್ಲವರು ಊರಿನಲ್ಲಿರುವ ನಾಲ್ವರು ಮಾತ್ರ. ಹೈದರಾಬಾದಿನವರು ಶಾಲೆಯಲ್ಲಿ ತೆಲುಗನ್ನೂ, ಪುಣೆಯವರು ಮರಾಠಿಯನ್ನೂ ಓದುತ್ತಾರೆ. ಅವರಿಗೆ ಪತ್ರ ಬರೆದರೆ ತಂದೆತಾಯಿಗಳು ಓದಿ ಹೇಳಬೇಕು. ಮಕ್ಕಳು ಮುತ್ಯಾ ಎಂದು ಕರೆಯುವ ನಮ್ಮ ತಂದೆಯವರಿಗೆ ಇದೊಂದು ಒಳಗಿನ ನೋವಾಗಿದ್ದಿತು. ಅವರು ಶಾಲೆಗೆ ಹೋದುದು 1948ಕ್ಕೆ ಮುಂಚೆ, ನಿಜಾಮರ ಆಳಿಕೆಯಲ್ಲಿ, ಉರ್ದುವಿಗೆ ಪ್ರಾಧಾನ್ಯವಿದ್ದ ಕಾಲದಲ್ಲಿ. ಕನ್ನಡದ ಅಕ್ಷರಗಳನ್ನು ಅವರು ಮನೆಯ ಪಡಸಾಲೆಯಲ್ಲಿ, ಉಸುಕಿನ ಮೇಲೆ ಬೆರಳಾಡಿಸಿ ಕಲಿತವರು. ಅಷ್ಟು ಪ್ರಯಾಸದಿಂದ ಕಲಿತುದು ಮೊಮ್ಮಕ್ಕಳ ಕಾಲಕ್ಕೆ ಕೈಬಿಟ್ಟು ಹೋಗುತ್ತಿದೆಯಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲವಾದರೂ, ಪುಣೆಯ ಹುಡುಗಿಯು ಅಂಗಡಿಯ ಫಲಕವನ್ನು ತೋರಿಸಿ ಇದೇನು ಎಂದು ಕೇಳಿದಾಗ ಅವರ ಮೋರೆಯನ್ನು ನೋಡಿದವರಿಗೆ ತಿಳಿಯುತ್ತಿದ್ದಿತು.

ಆ ವರುಷ ಮಕ್ಕಳಿಗೆಲ್ಲ ಒಂದೇ ಬಗೆಯ ಅಂಗಿ ಕೊಡಬೇಕೆಂಬ ಮಾತು ಬಂದಾಗ, ಪ್ರತಿಯೊಂದರ ಮೇಲೂ ಆಯಾ ಮಗುವಿನ ಹೆಸರನ್ನು ಕನ್ನಡದಲ್ಲಿ ಬರೆಯಿಸೋಣವೆಂದೂ, ಆ ಹೆಸರುಗಳನ್ನು ಮುತ್ಯಾ ಅವರೇ ತಮ್ಮ ಕೈಯಿಂದ ಬರೆಯಲೆಂದೂ ನಿಶ್ಚಯವಾಯಿತು. ಪೇಟೆಯಲ್ಲಿ ಒಂದೇ ಅಚ್ಚಿನ ನೂರು ಅಂಗಿಗಳನ್ನು ಅಗ್ಗವಾಗಿ ಮಾಡಿಕೊಡುತ್ತಾರೆ. ಹತ್ತು ಅಂಗಿಗೆ ಹತ್ತು ಬೇರೆ ಹೆಸರು, ಹತ್ತು ಬೇರೆ ಅಳತೆ ಎಂದರೆ ಬೆಲೆ ಏರುತ್ತದೆ. ಮನೆಯ ಅಚ್ಚಿನ ಉಪಯೋಗವಿರುವುದು ಇಂಥ ಕಡೆಯಲ್ಲಿಯೇ.

ಮುತ್ಯಾ ಅವರಿಗೆ ಎಂಬತ್ತೆಂಟು ವಯಸ್ಸು. ಕೈ ನಡುಗುತ್ತದೆ. ಮೊದಲನೆಯ ಹೆಸರನ್ನು ಬರೆದು ನೋಡಿ, ಲೇಖನಿಯನ್ನು ಕೆಳಗಿಟ್ಟರು.

“ನನ್ನ ಕೈ ನಡುಗಿದ್ದು ಹುಡುಗರ ಎದಿ ಮ್ಯಾಲ ಯಾಕ ಬರಬೇಕು? ಯಂತ್ರದಾಗ ಛಂದ ಅಕ್ಷರ ಅದಾವಲ್ಲ, ಅವನ್ನೇ ಹಾಕ್ರಿ” ಎಂದರು.

ಮನೆಯ ತರುಣನೊಬ್ಬನು ಗಣಕಯಂತ್ರದಲ್ಲಿ ಗೆರೆಗಳ ನಡುಕವನ್ನು ತಿದ್ದಿ ನೇರ ಮಾಡಬಹುದೆಂದನು. ಅದೂ ನಿಜವೇ. ಆದರೆ ಬಾಗಿಲಲ್ಲಿ ಕುಳಿತು ಅವರೆ ಸುಲಿಯುತ್ತಿದ್ದ ಆಯಿಯವರು, “ಯಂತ್ರದ ಅಕ್ಷರ ಅಂಗಡ್ಯಾಗೂ ಸಿಗ್ತಾವ. ಈ ಅಕ್ಷರ ಎಲ್ಲಿ ಸಿಗ್ತಾವ ಹೇಳ್ರಿ?” ಎಂದು ಕೇಳಿದರು. ಅದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ. ಮುತ್ಯಾ ಒಂದೊಂದು ಹೆಸರನ್ನು ಮೂರು ಮೂರು ಸಲ ಬರೆದರು. ಅವುಗಳಲ್ಲಿ ಅವರಿಗೆ ಒಪ್ಪಿಗೆಯಾದುದನ್ನು ತಿದ್ದದೆ ಆರಿಸಿಕೊಂಡೆವು.

ಇನ್ನು ಕೆಲಸದ ಕ್ರಮ. ಬಿಳಿಯ ಕಾಗದದ ಮೇಲೆ ದಪ್ಪನಾದ ಕರಿಯ ಶಾಯಿಯಿಂದ ಬರೆದುದನ್ನು ಹಗಲು ಬೆಳಕಿನಲ್ಲಿ ಫೋನಿನಿಂದ ಚಿತ್ರ ತೆಗೆದು ಗಣಕಯಂತ್ರಕ್ಕೆ ಸೇರಿಸಬೇಕು. ಕೆಲವು ಹಳೆಯ ತಂತ್ರಾಂಶಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬೇರೆ ಬೇರೆಯಾಗಿ ಕುಳಿತುಬಿಡುತ್ತವೆ. ಕೈಬರಹಕ್ಕೆ ಆ ತೊಂದರೆಯಿಲ್ಲ. ಹೆಸರಿನ ಕೆಳಗೆ ಒಂದು ಹಳದಿಯ ತೊಗರಿಹೂವನ್ನು ಮಕ್ಕಳ ಸೋದರತ್ತೆಯೊಬ್ಬರು ಬರೆದುಕೊಟ್ಟರು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ನಮ್ಮ ಹೊಲಗಳಿಗೆ ಅದಕ್ಕಿಂತ ತಕ್ಕ ಲಾಂಛನ ಬೇರೊಂದಿಲ್ಲ.

ಇದಕ್ಕೆ ಬೇಕಾದ ಕಾಗದವೇ ಬೇರೆ. ಅದರ ಒಂದು ಮೈಗೆ ತೆಳುವಾದ ಪ್ಲಾಸ್ಟಿಕ್ಕಿನಂಥ ಪೊರೆ ಇರುತ್ತದೆ. ಅಚ್ಚಿನ ಶಾಯಿ ಆ ಪೊರೆಯ ಮೇಲೆ ಕೂಡುತ್ತದೆ. ಬಿಸಿ ತಗುಲಿದಾಗ ಪೊರೆ ಕರಗಿ, ಶಾಯಿಯೊಡನೆ ನೂಲಿನ ಎಳೆಗಳ ನಡುವೆ ಇಳಿದು, ಆರಿದ ಮೇಲೆ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈ ಕಾಗದದಲ್ಲಿ ಎರಡು ಜಾತಿಗಳುಂಟು. ಬಿಳಿ ಅಥವಾ ತಿಳಿಬಣ್ಣದ ಅಂಗಿಗೆ ಪಾರದರ್ಶಕವಾದ ಪೊರೆಯುಳ್ಳದ್ದು. ಕಪ್ಪು ಮೊದಲಾದ ಗಾಢ ಬಣ್ಣದ ಅಂಗಿಗೆ ಬಿಳಿಯ ಪೊರೆಯುಳ್ಳದ್ದು. ಮನೆಯ ಮುದ್ರಣಯಂತ್ರದಲ್ಲಿ ಬಿಳಿಯ ಶಾಯಿ ಇರುವುದಿಲ್ಲವಾದ್ದರಿಂದ ಈ ಭೇದ ಅವಶ್ಯವಾಯಿತು. ಇಂಕ್‌ಜೆಟ್ ಯಂತ್ರಕ್ಕೆಂದು ಮಾಡಿದ ಕಾಗದವನ್ನು ಲೇಸರ್ ಯಂತ್ರದಲ್ಲಿ ಎಂದಿಗೂ ಹಾಕಬಾರದು; ಲೇಸರ್ ಯಂತ್ರದೊಳಗಿನ ಬಿಸಿಗೆ ಪೊರೆ ಅಲ್ಲಿಯೇ ಕರಗಿ ಯಂತ್ರ ಕೆಟ್ಟೀತು.

ತಿಳಿಬಣ್ಣದ ಅಂಗಿಯ ಕಾಗದಕ್ಕೆ ಬರಹವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಅಚ್ಚು ಮಾಡಬೇಕು. ಆ ಕಾಗದವನ್ನು ಅಂಗಿಯ ಮೇಲೆ ಬೋರಲು ಹಾಕುವುದರಿಂದ ಆಗ ಅಕ್ಷರ ನೇರವಾಗುತ್ತದೆ. ಕನ್ನಡವನ್ನು ಕನ್ನಡಿಗೆ ತೋರಿಸಿಯೇ ಮುಂದುವರಿಯಬೇಕೆಂದು ನೆನಪಿಟ್ಟರೆ ಸಾಕು. ಗಾಢ ಬಣ್ಣದ ಅಂಗಿಯ ಕಾಗದಕ್ಕೆ ಇದು ಬೇಡ. ಅದರ ಬೆನ್ನಿನ ಹಾಳೆಯನ್ನು ಮೊದಲೇ ಸುಲಿದು, ಚಿತ್ರ ಮೇಲ್ಮುಖವಾಗಿ ಇರುವಂತೆ ಇಟ್ಟು, ಅದರ ಮೇಲೆ ಕೊಟ್ಟಿರುವ ರಕ್ಷಣೆಯ ಹಾಳೆ ಹಾಸಿ ಒತ್ತತಕ್ಕದ್ದು.

ಅಂಗಿಯು ಹತ್ತಿಯದಾಗಿದ್ದರೆ ಲೇಸು. ಹೊಸ ಅಂಗಿಯನ್ನು ಒಮ್ಮೆ ಒಗೆದು, ಪೂರ್ತಿಯಾಗಿ ಒಣಗಿಸಿ, ಸುಕ್ಕು ಹೋಗುವಂತೆ ಇಸ್ತ್ರಿ ಮಾಡಬೇಕು. ಅಚ್ಚಾದ ಕಾಗದವನ್ನು ಆರಗೊಟ್ಟು, ಬರಹದ ಸುತ್ತ ಸ್ವಲ್ಪವೇ ಅಂಚು ಬಿಟ್ಟು ಕತ್ತರಿಸಬೇಕು. ಖಾಲಿ ಬಿಟ್ಟ ಪೊರೆಯೂ ಬಟ್ಟೆಗೆ ಅಂಟಿ ಮಸುಕಾಗಿ ಕಾಣುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಮುಂದೆ ಬೇಗ ಏಳುವುದಿಲ್ಲ. ಈ ಕತ್ತರಿಯ ಕೆಲಸವನ್ನು ಊರಿನ ಮಕ್ಕಳಿಗೆ ಒಪ್ಪಿಸಿದೆವು. ಇಸ್ತ್ರಿಯನ್ನು ಮಾತ್ರ ಮಕ್ಕಳ ಕೈಗೆ ಕೊಡಲಾಗದು.

ಒತ್ತುವ ಜಾಗವು ಗಟ್ಟಿಯಾಗಿಯೂ ಸಮವಾಗಿಯೂ ಇರಬೇಕು. ಮೆತ್ತನೆಯ ಇಸ್ತ್ರಿಮೇಜು ಕೆಲಸಕ್ಕೆ ಬಾರದು. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ ಕಲ್ಲಿನ ನೆಲಕ್ಕೆ ಕೊರತೆಯಿಲ್ಲವಷ್ಟೆ. ಆದರೆ ಮಾಗಿಯ ದಿನಗಳಲ್ಲಿ ತಣ್ಣಗಿರುವ ಕಲ್ಲು ಬಿಸಿಯನ್ನು ನುಂಗಿಬಿಡುತ್ತದೆ. ಆದಕಾರಣ ಕಲ್ಲಿನ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಸುಕ್ಕಿಲ್ಲದ ಹತ್ತಿಯ ಬಟ್ಟೆಯನ್ನು ಹಾಸಿಕೊಂಡೆವು. ಹಬೆ ಬಿಡುವ ಹೊಸ ಇಸ್ತ್ರಿಗಿಂತ ಹಳೆಯ ಭಾರವಾದ ಇಸ್ತ್ರಿಯೇ ಇಲ್ಲಿ ಉತ್ತಮ. ಹಬೆಯ ತೂತುಗಳಿರುವ ಕಡೆ ಬಿಸಿ ತಗುಲುವುದಿಲ್ಲ. ನೀರಿನ ತೇವವಂತೂ ಅಂಟುವುದಕ್ಕೆ ವೈರಿ. ಇಸ್ತ್ರಿಯನ್ನು ಹತ್ತಿಬಟ್ಟೆಯ ಬಿಸಿಗೆ ಏರಿಸಿ, ಮೈಭಾರ ಹಾಕಿ, ಒಂದೇ ಕಡೆ ನಿಲ್ಲಿಸದೆ ನಿಧಾನವಾಗಿ ಸರಿಸುತ್ತ, ಅಂಚು ಮೂಲೆಗಳ ಮೇಲೆ ಹೆಚ್ಚು ಗಮನವಿಟ್ಟು ಒತ್ತಬೇಕು. ಸಾಮಾನ್ಯವಾಗಿ ಎರಡು ಮೂರು ನಿಮಿಷ ಹಿಡಿಯುತ್ತದೆ. ಎಷ್ಟು ಹೊತ್ತು, ಹಾಳೆಯನ್ನು ಬಿಸಿಯಲ್ಲಿ ಸುಲಿಯಬೇಕೆ ಆರಿದ ಮೇಲೆ ಸುಲಿಯಬೇಕೆ ಎಂಬುದು ಕಾಗದದ ಕಟ್ಟಿನ ಮೇಲೆಯೇ ಬರೆದಿರುತ್ತದೆ. ಮೊದಲು ಒಂದು ಹಳೆಯ ಬಟ್ಟೆಯ ಮೇಲೆ ಪರೀಕ್ಷಿಸಿ ನೋಡುವುದು ಜಾಣತನ.

ಅಂಗಿಗಳು ಸಿದ್ಧವಾದಾಗ ನಮ್ಮ ವೈನಿಯವರು, “ಬಿಳಿ ಅಂಗಿ ಹಾಕ್ಕೊಂಡು ಎರಿ ಹೊಲಕ್ಕ ಹೋದರ ಸಂಜೀಕ ಏನ್ ಉಳೀತದ?” ಎಂದು ನಕ್ಕರು. ಅವರ ಮಾತು ಸುಳ್ಳಾಗಲಿಲ್ಲ. ಸಂಜೆಗೆ ಬಟ್ಟೆ ಹೊಲದ ಬಣ್ಣವನ್ನೇ ತಾಳಿದ್ದಿತು. ಆದರೆ ಅಷ್ಟರೊಳಗೆ ನಾವಾರೂ ಎಣಿಸಿರದ ಸಂಗತಿಯೊಂದು ನಡೆದುಹೋಗಿದ್ದಿತು. ಎದೆಯ ಮೇಲಿನ ಬರಹವನ್ನು ತೊಟ್ಟವರು ತಲೆಬಾಗಿಸಿ ನೋಡಿದರೆ ಅದು ತಲೆಕೆಳಗಾಗಿ ಕಾಣುತ್ತದೆ. ಕನ್ನಡಿಯಲ್ಲಿ ನೋಡಿದರೆ ಎಡಬಲವಾಗಿ ಕಾಣುತ್ತದೆ. ನೇರವಾಗಿ ಕಾಣುವುದು ಎದುರಿನವರಿಗೆ ಮಾತ್ರ. ಹೀಗಾಗಿ ಮಕ್ಕಳು ತಮ್ಮ ಹೆಸರನ್ನು ಬಿಟ್ಟು ಒಬ್ಬರು ಇನ್ನೊಬ್ಬರ ಹೆಸರನ್ನು ಓದತೊಡಗಿದರು. ಹೈದರಾಬಾದಿನ ಹುಡುಗನಿಗೆ ತೆಲುಗಿನ ಅಕ್ಷರಗಳ ಹೋಲಿಕೆಯಿಂದ ಬೇಗನೆ ಕೈಗೆ ಹತ್ತಿತು. ಅವನು ಪುಣೆಯ ತಂಗಿಗೆ ಬೆರಳಿಟ್ಟು ಹೇಳಿಕೊಟ್ಟನು. ಬನ್ನಿಯ ಮರದ ಕೆಳಗೆ ಕಂಬಳಿಯ ಮೇಲೆ ಕುಳಿತಿದ್ದ ಮುತ್ಯಾ ಅವರ ಮುಂದೆ ಹತ್ತು ಮಂದಿ ಸಾಲಾಗಿ ನಿಂತು, ಪಕ್ಕದವರ ಎದೆಯನ್ನು ಓದಿ ಒಪ್ಪಿಸಿದರು. ಮುತ್ಯಾ ಏನೂ ಹೇಳಲಿಲ್ಲ. ಒಂದು ಮಗುವಿನ ಅಂಗಿಯ ಮೇಲೆ ತಾವೇ ಬರೆದ ದೀರ್ಘವನ್ನು ಬೆರಳಿನಿಂದ ಸವರಿ ನೋಡಿದರು.

ಚಿತ್ತಾಪುರದ ಸೀಮೆಯಲ್ಲಿಯೇ, ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ, ಭೀಮೆಯ ದಡದಲ್ಲಿ ಪುರಾತನವಾದ ಬೌದ್ಧ ಸ್ತೂಪವೊಂದು ಉತ್ಖನನದಲ್ಲಿ ದೊರೆತಿದೆ. ಅಲ್ಲಿಯ ಸುಣ್ಣಗಲ್ಲಿನ ಫಲಕವೊಂದರಲ್ಲಿ ಒಬ್ಬ ಅರಸನ ಆಕೃತಿಯಿದೆ. ಜೊತೆಗೆ ಬ್ರಾಹ್ಮೀ ಲಿಪಿಯಲ್ಲಿ ಅಶೋಕನೆಂಬ ಹೆಸರಿದೆ. ಆ ಹೆಸರು ಇಲ್ಲದಿದ್ದರೆ ಇವನು ಇಂಥವನೇ ಎಂದು ನಾವು ನಿಶ್ಚಯಿಸುವುದು ಹೇಗೆ? ಅವನ ಹೆಸರನ್ನು ಕೆತ್ತಿದವರೂ ಅದನ್ನು ಕೆತ್ತಿದ್ದು ಎದುರು ನಿಂತು ಓದುವವರಿಗಾಗಿ.

ಕಲ್ಲಿನ ಬಾಳಿಕೆ ಬಟ್ಟೆಗಿಲ್ಲವೆಂಬುದನ್ನು ಹೇಳಲೇಬೇಕು. ಮನೆಯಲ್ಲಿ ಒತ್ತಿದ ಅಚ್ಚು ಕಾಲಕ್ರಮದಲ್ಲಿ ಮಾಸುತ್ತದೆ, ಬಿರುಕು ಬಿಡುತ್ತದೆ. ಒತ್ತಿದ ಮೇಲೆ ಒಂದು ಹಗಲು ಒಂದು ರಾತ್ರಿ ಕಳೆಯುವವರೆಗೆ ಒಗೆಯಬಾರದು. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಮೆಲ್ಲಗೆ ಹಿಂಡಬೇಕು, ಕಲ್ಲಿಗೆ ಬಡಿಯಬಾರದು, ನೆರಳಿನಲ್ಲಿ ಒಣಹಾಕಬೇಕು, ಅಚ್ಚಿನ ಮೇಲೆ ನೇರವಾಗಿ ಇಸ್ತ್ರಿ ತಾಗಿಸಬಾರದು. ಇಷ್ಟು ಮಾಡಿದರೂ ಬೆಳೆಯುವ ಮಕ್ಕಳಿಗೆ ಅಂಗಿಯು ಒಂದೆರಡು ವರುಷಕ್ಕೆ ಗಿಡ್ಡವಾಗುವುದೇ ಸರಿ. ಹಳತಾದುವುಗಳ ಮೇಲೆ ಆಯಿಯವರು ಈಗಾಗಲೇ ಕಣ್ಣಿಟ್ಟಿದ್ದಾರೆ. ಅವು ಕೌದಿಯ ತುಂಡುಗಳಾಗಲಿವೆ.

ಆದುದರಿಂದ ಇಂಥ ಕೆಲಸಕ್ಕೆ ಕೈಹಾಕುವ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೆ. ಅಂಗಿಗಿಂತ ಮೊದಲು ಮೂಲ ಬರಹವನ್ನು ಕಾಪಾಡಿರಿ. ಮುತ್ಯಾ ಅವರು ಬರೆದ ಮೂವತ್ತು ಹಾಳೆಗಳನ್ನು, ಅವರು ಬೇಡವೆಂದವುಗಳನ್ನೂ ಸೇರಿಸಿ, ಟ್ರಂಕಿನಲ್ಲಿ ಕಟ್ಟಿಟ್ಟಿದ್ದೇವೆ. ಮಕ್ಕಳು ಬೆಳೆದಂತೆ ಅದೇ ಕೈಯ ಅಕ್ಷರವನ್ನು ದೊಡ್ಡ ಅಂಗಿಗೆ ಇಳಿಸಬಹುದು. ನಿಮ್ಮ ಮನೆಯಲ್ಲಿ ಹಿರಿಯರ ಕೈ ಇನ್ನೂ ಲೇಖನಿಯನ್ನು ಹಿಡಿಯಬಲ್ಲುದಾದರೆ, ಕಾಗದ ತರುವುದಕ್ಕೆ ಮುಂಚೆ ಅವರಿಂದ ನಾಲ್ಕು ಹೆಸರುಗಳನ್ನು ಬರೆಯಿಸಿಕೊಳ್ಳಿರಿ.

ಹಬ್ಬ ಕಳೆದು ಎರಡು ತಿಂಗಳಿಗೆ ಪುಣೆಯಿಂದ ಮುತ್ಯಾ ಅವರಿಗೆ ಒಂದು ಪತ್ರ ಬಂದಿತು. ಹಾಳೆಯ ತುಂಬ ಕನ್ನಡದಲ್ಲಿ ಒಂಬತ್ತು ಹೆಸರುಗಳು, ಅಣ್ಣತಮ್ಮ ಅಕ್ಕತಂಗಿಯರವು, ಒಂದೂ ತಪ್ಪಿಲ್ಲದೆ. ತನ್ನ ಹೆಸರಿದ್ದಲ್ಲಿ ಮಾತ್ರ ಹುಡುಗಿಯು ಎರಡಕ್ಷರ ಬರೆದು ಜಾಗ ಬಿಟ್ಟು, ಮುಂದಿನ ಅಕ್ಷರ ಯಾವುದೆಂದು ಕೇಳಿದ್ದಳು. ಮುತ್ಯಾ ಅಂದೇ ಉತ್ತರ ಬರೆದರು.