ಬೀಜಕ್ಕೆ ಬಿಟ್ಟ ಹೂವು

ಮಲೆನಾಡಿನ ಹಿತ್ತಲಲ್ಲಿ ಸೌತೆಬಳ್ಳಿಯ ಒಂದು ಲಕ್ಷಣವಾದ ಕಾಯಿಗೆ ಯಾರೂ ಕೈಹಾಕುವಂತಿಲ್ಲ. ಅದು ಬೀಜಕ್ಕೆ ಬಿಟ್ಟದ್ದು. ಹೂವಿನ ಗಿಡಕ್ಕೆ ಮಾತ್ರ ಈ ಮರ್ಯಾದೆ ಅಪರೂಪ. ತುಂಬಿದ ಚೆಂಡುಹೂವು ದೇವರ ಪಟಕ್ಕೆ, ನಂತರದ್ದು ಬಾಗಿಲ ತೋರಣಕ್ಕೆ. ಕೊನೆಗೆ ಉಳಿದ ಕುರುಟು ಹೂವಿನ ತಲೆಗೆ ಬೀಜದ ಹೊಣೆ. ಮರುವರ್ಷ ಅಪಾರ್ಟ್‌ಮೆಂಟಿನ ಕಿಟಕಿಯ ಕುಂಡದಲ್ಲಿ ಹೂವು ಸಣ್ಣದಾದರೆ ಬೈಗುಳ ತಿನ್ನುವುದು ಪಾಪದ ಕೆಂಪುಮಣ್ಣು! ಮೊದಲ ಒಳ್ಳೆಯ ಹೂವಿಗೆ ಬಣ್ಣದ ದಾರ ಕಟ್ಟಿ ಮನೆಯವರಿಗೆಲ್ಲ ಹೇಳಿಬಿಡುವುದು ಲೇಸು.

ಎಲ್ಲಿಯ ಹೂವನ್ನು ಬಿಡುತ್ತೇವೆ ಎಂಬುದೂ ಮುಖ್ಯ. ಅಮೆರಿಕ ಖಂಡದಿಂದ ಬಂದು ನಮ್ಮ ಅಂಗಳದ್ದೇ ಆಗಿಹೋದ ಸಂಜೆಮಲ್ಲಿಗೆಯಲ್ಲಿ ಜರ್ಮನಿಯ ಕಾರ್ಲ್ ಕೊರೆನ್ಸ್ 1909ರಲ್ಲಿ ಇದನ್ನು ತೋರಿಸಿಕೊಟ್ಟರು. ಅವರ ಗಿಡಗಳ ಎಲೆಯಲ್ಲಿ ಹಸಿರು-ಬಿಳಿ ಮಚ್ಚೆಗಳಿದ್ದವು. ಹಸಿರು ಕೊಂಬೆಯ ಬೀಜದಿಂದ ಹಸಿರು ಸಸಿ, ಬಿಳಿ ಕೊಂಬೆಯದರಿಂದ ಬಿಳಿ ಸಸಿ, ಮಚ್ಚೆಯ ಕೊಂಬೆಯದರಿಂದ ಮೂರೂ ಬಗೆ. ಪರಾಗ ಯಾವ ಕೊಂಬೆಯದಾದರೂ ಫಲ ಬದಲಾಗಲಿಲ್ಲ. ಇಲ್ಲಿ ನಡೆದದ್ದು ತಾಯಿಯ ಮಾತೇ. ಹಸಿರಿಲ್ಲದ ಸಸಿಗಳು ಆಹಾರ ತಯಾರಿಸಲಾಗದೆ ಸತ್ತವು.

ನರ್ಸರಿಯ ಎಫ್-1 ಹೈಬ್ರಿಡ್ ಗಿಡದಿಂದ ಬೀಜ ತೆಗೆಯುವವರಿಗೆ ಈ ಜಾಗ್ರತೆಯೂ ಸಾಲದು, ಮರಿಗಳು ಒಂದೊಂದೂ ಒಂದೊಂದು ತರ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾದಂಥ ಆಸ್ಟರ್ ತಳಿಗಳಲ್ಲಿ ಆ ತಕರಾರಿಲ್ಲ. ಆದರೆ ಆಸ್ಟರ್ ಬೀಜ ಬಹಳ ಕಾಲ ಬಾಳದು, ಮರುವರ್ಷವೇ ಬಿತ್ತಬೇಕು.

ಒಣಗಿಸುವುದರಲ್ಲಿ ಅವಸರಕ್ಕೆ ಜಾಗವಿಲ್ಲ. ಚೆಂಡುಹೂವು ಗಿಡದಲ್ಲೇ ಕಂದಾಗಿ ಒಣಗಲಿ. ಕಾಳುಮೆಣಸಿನಂಥ ಸಂಜೆಮಲ್ಲಿಗೆ ಬೀಜ ತಾನೇ ಉದುರುತ್ತದೆ, ಆರಿಸಿಕೊಂಡರಾಯಿತು. ಕರ್ಣಕುಂಡಲ ತುಂಟ: ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಎರಚುವುದರಿಂದ ಮೊದಲೇ ತೆಳುಬಟ್ಟೆ ಕಟ್ಟಬೇಕು. ಆಮೇಲೆ ಹಳೆಯ ಪೇಪರಿನ ಮೇಲೆ ನೆರಳಲ್ಲಿ ಹರಡಿ, ಗಾಳಿಯಾಡಲು ಬಿಡಬೇಕು. ತೇವಾಂಶ ಶೇ. 1ರಷ್ಟು ಇಳಿದರೆ ಬೀಜದ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೀಜತಜ್ಞರ ಲೆಕ್ಕ. ಅರೆಬರೆ ಒಣಗಿದ್ದನ್ನು ಪ್ಲಾಸ್ಟಿಕ್ ಕವರಿಗೆ ತುಂಬಿದರೆ ಬೂಷ್ಟು ಖಂಡಿತ. ಪೂರಾ ಒಣಗಿದ ಮೇಲೆ ಕಾಗದದ ಪೊಟ್ಟಣ ಕಟ್ಟಿ, ಹೆಸರು, ತಿಂಗಳು ಬರೆದು, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನೊಳಗಿಡಬಹುದು.

ಮನೆಯೊಳಗೆ ಬಿತ್ತುವವರಿಗೆ ನೀರಿಗಿಂತ ಬೆಳಕಿನದೇ ಕೊರತೆ. ಕಿಟಕಿಯತ್ತ ಬಾಗಿ ಸಣಕಲಾದ ಸಸಿಗೆ ಗೊಬ್ಬರ ಸುರಿದು ಪ್ರಯೋಜನವಿಲ್ಲ, ಕುಂಡವನ್ನೇ ಬಿಸಿಲಿಗೆ ಸರಿಸಬೇಕು. ಒಳ್ಳೆಯ ಬಿಸಿಲು ಬೀಳದ ಮನೆಯವರು ಚೆಂಡುಹೂವಿನ ಆಸೆ ಬಿಟ್ಟು ಕರ್ಣಕುಂಡಲ ಹಾಕಿಕೊಳ್ಳಲಿ. ಅರೆನೆರಳಲ್ಲೂ ಅದು ಹೂ ಬಿಡುತ್ತದೆ.