'ಆರೋಪಿ ಪತ್ತೆಯಾಗಿಲ್ಲ' ಎಂಬ ಷರಾ

ಚೆಕ್ ಬೌನ್ಸ್ ಕೇಸು ಹಾಕಿದರೆ ದುಡ್ಡು ಕೈಗೆ ಬಂದಂತೆಯೇ ಎಂದು ಊರಲ್ಲಿ ಬಹಳ ಜನ ನಂಬಿದ್ದಾರೆ. ಚೆಕ್ ಕೊಟ್ಟವನೇ ಊರು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಹಾವೇರಿ ಸೀಮೆಯ ನಾವು ನಮ್ಮ ಮನೆಯ ಕೇಸಿನಲ್ಲೇ ನೋಡುತ್ತಿದ್ದೇವೆ.

2024ರ ಸುಗ್ಗಿಯಲ್ಲಿ 80 ಕ್ವಿಂಟಲ್ ಮೆಕ್ಕೆಜೋಳವನ್ನು ಕಣದಲ್ಲೇ ಒಬ್ಬ ವ್ಯಾಪಾರಿಗೆ ತೂಗಿ ಕೊಟ್ಟೆವು. ಕ್ವಿಂಟಲ್‌ಗೆ 2,200ರಂತೆ 1,76,000 ರೂಪಾಯಿಗೆ ಚೆಕ್ ಕೊಟ್ಟ. ಅದರಲ್ಲಿ ಸೊಸೈಟಿ ಸಾಲ ಕಟ್ಟಬೇಕಿತ್ತು, ತಂಗಿಯ ಕಾಲೇಜು ಫೀ ಇತ್ತು. ಖಾತೆಯಲ್ಲಿ ಹಣ ಸಾಲದು ಎಂಬ ಮೆಮೊ ಜೊತೆ ಚೆಕ್ ವಾಪಸ್ ಬಂತು. ಅವನ ಫೋನು ಸ್ವಿಚ್ ಆಫ್.

138ನೇ ಕಲಮಿನಲ್ಲಿ ಎಲ್ಲವೂ ದಿನದ ಲೆಕ್ಕ. ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಅವನಿಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ನಮ್ಮ ನೋಟಿಸು 'ಬಾಗಿಲು ಹಾಕಿದೆ' ಎಂದು ಮರಳಿತು. ಅದಕ್ಕೆ ಹೆದರಬೇಕಿಲ್ಲ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದರೆ ತಲುಪಿದಂತೆಯೇ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. 2015ರ ತಿದ್ದುಪಡಿಯಿಂದಾಗಿ, ನಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲೇ ದೂರು ಕೊಟ್ಟೆವು.

ಕಷ್ಟ ಶುರುವಾಗಿದ್ದು ಆಮೇಲೆ. ಸಮನ್ಸ್ ವಾಪಸ್, ವಾರಂಟ್ ವಾಪಸ್, ಜಾಮೀನುರಹಿತ ವಾರಂಟೂ ವಾಪಸ್. ಪ್ರತಿ ಸಲ ಒಂದೇ ಷರಾ: ಆರೋಪಿ ಪತ್ತೆಯಾಗಿಲ್ಲ. ಪ್ರತಿ ಡೇಟಿಗೆ ಅಪ್ಪ ಕೆಲಸ ಬಿಟ್ಟು ಬಸ್ಸು ಹತ್ತುತ್ತಾರೆ. ಠಾಣೆಯಲ್ಲಿ ವಿಚಾರಿಸಿದರೆ, "ಮನಿಗೆ ಕೀಲಿ ಹಾಕೇತ್ರೀ. ಎಲ್ಲದಾನ ಅಂತ ನೀವ ತೋರಿಸ್ರಿ, ಹಿಡ್ಕೊಂಡ ಬರ್ತೀವಿ" ಎಂದರು.

ಹಾಗಾಗಿ ನಾವೇ ಹುಡುಕಿದೆವು. ಹಮಾಲರನ್ನು, ಲಾರಿ ಡ್ರೈವರುಗಳನ್ನು ಕೇಳಿ ಅವನ ಹೆಂಡತಿಯ ತವರಿನ ವಿಳಾಸ ಪಡೆದೆವು. ಅವನ ಹೆಸರು ಜಂಟಿಯಾಗಿರುವ 2 ಎಕರೆಯ ಪಹಣಿ ತೆಗೆಸಿದೆವು. ವಕೀಲರು ಎರಡನ್ನೂ ಕೋರ್ಟಿಗೆ ಕೊಟ್ಟು, ಉದ್ಘೋಷಣೆ ಹೊರಡಿಸಲು ಕೇಳಿದ್ದಾರೆ. ಅದನ್ನು ಅವನ ಊರಲ್ಲಿ ಎಲ್ಲರೆದುರು ಓದಿ, ಮನೆಗೆ ಅಂಟಿಸಿ, ಹಾಜರಾಗಲು ಕನಿಷ್ಠ 30 ದಿನ ಕೊಡುತ್ತಾರೆ. ಬರದಿದ್ದರೆ ಆಸ್ತಿ ಜಪ್ತಿಗೆ ದಾರಿಯಿದೆ. ಆದರೆ ಆ ಜಪ್ತಿ ಅವನನ್ನು ಕೋರ್ಟಿಗೆ ತರಿಸಲಿಕ್ಕೆ, ನಮ್ಮ ಬಾಕಿ ತೀರಿಸಲಿಕ್ಕಲ್ಲ. ಅವನು ಸಿಗುವ ತನಕ ಈ ಕೇಸಿನ ವಿಚಾರಣೆ ನಿಂತಲ್ಲೇ ನಿಲ್ಲುತ್ತದೆ.

ಸಿವಿಲ್ ದಾವೆ ಹಾಗಲ್ಲ. ಪ್ರತಿವಾದಿ ಬರದಿದ್ದರೆ ಪೇಪರಿನಲ್ಲಿ ಪ್ರಕಟಣೆ ಕೊಟ್ಟು, ಏಕಪಕ್ಷೀಯವಾಗಿ ಡಿಕ್ರಿ ಪಡೆಯಬಹುದು. ಆ ಡಿಕ್ರಿ ಹಿಡಿದು ಅವನ ಪಾಲಿನ ಜಮೀನಿನ ಮೇಲೆ ಹೋಗಬಹುದು. ಅದಕ್ಕೆ ಮೂರು ವರ್ಷದ ಗಡುವು, ಕೋರ್ಟ್ ಶುಲ್ಕ ಬೇರೆ. ಹೋದ ದುಡ್ಡಿನ ಹಿಂದೆ ಮತ್ತೆ ದುಡ್ಡು ಹಾಕಬೇಕೇ ಎಂದು ಮನೆಯಲ್ಲಿ ನಾಲ್ಕು ದಿನ ಜಗಳವಾಯಿತು. ಅವ್ವ ಬೇಡವೆಂದಳು. ಅಪ್ಪ, "ನಾವು ಸುಮ್ಮನಾದರೆ ಮುಂದಿನ ಸುಗ್ಗಿಗೆ ಇನ್ನೊಂದು ಊರಿಗೆ ಹೋಗ್ತಾನ" ಎಂದರು. ದಾವೆ ಹಾಕುವುದೆಂದು ತೀರ್ಮಾನಿಸಿದ್ದೇವೆ.

ಈ ಸುಗ್ಗಿಯಲ್ಲಿ ಚೆಕ್ ಪಡೆಯುವವರು ತೂಕದ ಚೀಟಿಗೆ ಸಹಿ ಹಾಕಿಸಿಕೊಳ್ಳಿ. ವ್ಯಾಪಾರಿಯ ಲೈಸೆನ್ಸ್, ಖಾಯಂ ವಿಳಾಸ, ಲಾರಿ ನಂಬರು ಬರೆದಿಟ್ಟುಕೊಳ್ಳಿ. ಚೆಕ್ಕಿನ ಫೋಟೊ ತೆಗೆದಿಡಿ. ಚೆಕ್ಕಿನ ಆಯಸ್ಸು ಮೂರೇ ತಿಂಗಳು, ಬೇಗ ಬ್ಯಾಂಕಿಗೆ ಹಾಕಿ.